ಜೋಡಿ ಬೇಲಿಯ ಅಳತೆ: ಮೂರು ಭಾನುವಾರಗಳ ನಂತರ

ಕೊನೆಗೂ ದಕ್ಕಿತು! ಸೈಕಲ್ ಪಥಕ್ಕೆ ಅಡ್ಡಲಾಗಿ ನಿಂತಿರುವ ಜೋಡಿ ಬೇಲಿ ನಿನ್ನೆ ರಾತ್ರಿ ಸರಿಯಾದ ಅಳತೆಯೊಂದಿಗೆ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಸೇರಿದೆ.

ಪಥದ ನಡುವೆ ನೆಟ್ಟಿರುವ ಒಂಟಿ ಕಂಬಗಳ ಬಗ್ಗೆ ಒಂದು ಮಾತು ಮಾತ್ರ: ನಕ್ಷೆಯಲ್ಲಿ ಕಂಬವನ್ನು ಗುರುತಿಸುವ ಬಿಂದುವಿಗೆ (ನೋಡ್) ಬರಿದೆ ‘ವಿಡ್ತ್’ (ಅಗಲ) ಎಂಬ ಟ್ಯಾಗ್ ಹಾಕಬೇಡಿ. ಅದು ಕಂಬದ ದಪ್ಪವೋ, ಪಕ್ಕದ ಸಂದೋ ಯಾರಿಗೂ ತಿಳಿಯುವುದಿಲ್ಲ. ‘ಮ್ಯಾಕ್ಸ್‌ವಿಡ್ತ್’ ಕಾನೂನಿನ ಮಿತಿಗೆ. ನಿಜವಾಗಿ ತೂರುವ ಅಗಲಕ್ಕೆ ‘ಮ್ಯಾಕ್ಸ್‌ವಿಡ್ತ್:ಫಿಸಿಕಲ್’.

ಜೋಡಿ ಬೇಲಿಯಲ್ಲಿ ಒಂದು ಎಡದಿಂದ ಚಾಚಿದರೆ ಇನ್ನೊಂದು ಬಲದಿಂದ. ಎರಡರ ಪಕ್ಕದಲ್ಲೂ 1.4 ಮೀಟರ್ ಸಂದಿತ್ತು. ಧಾರಾಳವಾಯಿತು ಎಂದು ಅಷ್ಟನ್ನೇ ಬರೆದಿದ್ದೆ. ಮರುವಾರ ಗೆಳತಿ ತನ್ನ ಪೆಟ್ಟಿಗೆ ಸೈಕಲ್ಲಿನಲ್ಲಿ, ಅಂದರೆ ಸಾಮಾನು ಹೊರುವ ಪೆಟ್ಟಿಗೆಯುಳ್ಳ ಉದ್ದನೆಯ ಸೈಕಲ್ಲಿನಲ್ಲಿ, ಮಗುವನ್ನು ಕೂರಿಸಿಕೊಂಡು ಬಂದಳು. ಮುಂದಿನ ಚಕ್ರ ಎರಡನೆಯ ಬೇಲಿಗೆ ಮುಟ್ಟಿತು. ಹಿಂದಿನ ಚಕ್ರ ಇನ್ನೂ ಮೊದಲನೆಯದನ್ನು ದಾಟಿರಲಿಲ್ಲ. ಮಗುವನ್ನು ಇಳಿಸಿ, ಹಿಂಬದಿಯನ್ನು ಇಬ್ಬರೂ ಎತ್ತಿ ಹೊರಳಿಸಬೇಕಾಯಿತು. ಅಡ್ಡಿಯಾದದ್ದು ಉದ್ದ, ಅಗಲವಲ್ಲ. ಸೈಕಲ್ ಪಥಗಳ ವಿನ್ಯಾಸಕ್ಕಾಗಿ ಇಂಗ್ಲೆಂಡಿನ 2020ರ ಮಾರ್ಗಸೂಚಿ 1.2 ಮೀಟರ್ ಅಗಲದ ಜೊತೆಗೆ 2.8 ಮೀಟರ್ ಉದ್ದವನ್ನೂ ಮಾದರಿ ಸೈಕಲ್ಲಿಗೆ ಹಿಡಿದಿರುವುದು ಸುಮ್ಮನೆ ಅಲ್ಲ.

ಹಾಗಾಗಿ ಮೂರು ಅಳತೆ ಬೇಕು: ಬೇಲಿಯ ಪಕ್ಕದ ಸಂದಿಗೆ ‘ಓಪನಿಂಗ್’, ಬೇಲಿಯಿಂದ ಬೇಲಿಗಿರುವ ದೂರಕ್ಕೆ ‘ಸ್ಪೇಸಿಂಗ್’, ಒಂದು ಇನ್ನೊಂದನ್ನು ಎಷ್ಟು ಮರೆಮಾಡುತ್ತದೆ ಎಂಬುದಕ್ಕೆ ‘ಓವರ್‌ಲ್ಯಾಪ್’. ಎಲ್ಲವೂ ಮೀಟರಿನಲ್ಲಿ. ನಮ್ಮ ಬೇಲಿಗಳ ನಡುವೆ ಬರೀ 1.3 ಇತ್ತು!

ಅಳೆಯುವುದೇ ದೊಡ್ಡ ಕಾಟ. ದೂರ ಅಳೆಯುವ ಲೇಸರ್ ಸಾಧನದ ಚುಕ್ಕೆ ಬೇಲಿಯ ದುಂಡು ಕೊಳವೆಯ ಮೇಲೆ ನಿಲ್ಲದೆ ಜಾರಿ, ಆಚೆಯ ಪೊದೆಗೆ ಬಡಿದು 11 ಮೀಟರ್ ತೋರಿಸಿತು. ಚುಕ್ಕೆ ಹಿಡಿಯುವ ತಗಡನ್ನು ಕೊಡುತ್ತೇನೆಂದು ಹಣ ಪಡೆದ ಅಂಗಡಿಯವರು ಖಾಲಿ ಚೀಲ ಕಳುಹಿಸಿದರು. ಎರಡು ಪತ್ರಕ್ಕೂ ಉತ್ತರವಿಲ್ಲ. ಕೊನೆಗೆ ಹಳೆಯ ನೋಟ್‌ಬುಕ್ಕಿನ ರಟ್ಟನ್ನು ಕೊಳವೆಗೆ ರಬ್ಬರ್ ಬ್ಯಾಂಡಿನಿಂದ ಬಿಗಿದೆ. ಅಂಕಿ ಮೂರು ಬಾರಿಯೂ ಒಂದೇ ಬಂತು. ಹಿಗ್ಗಿ ಕುಣಿಯುವುದೊಂದು ಬಾಕಿ!

ಒಳಮುಖವಾಗಿ ವಾಲಿದ ಬೇಲಿಯಾದರೆ ನೆಲದ ಮಟ್ಟದ ಅಂಕಿ ಮೋಸ ಮಾಡುತ್ತದೆ. ಹ್ಯಾಂಡಲ್ ಎತ್ತರದಲ್ಲೂ ಟೇಪು ಹಿಡಿಯಿರಿ. ಇನ್ನು, ಪೆಟ್ಟಿಗೆ ಸೈಕಲ್ ಹೋಗುವುದಿಲ್ಲ ಎಂಬ ತೀರ್ಪನ್ನು ನಾನು ಬರೆಯಲಿಲ್ಲ. ಅಳತೆ ಇದ್ದರೆ ಅವರವರ ಸೈಕಲ್ಲಿಗೆ ತಕ್ಕಂತೆ ಅವರವರೇ ಲೆಕ್ಕ ಹಾಕಿಕೊಳ್ಳಬಹುದು.

ಅದೇ ರಟ್ಟಿನ ಮೇಲೆ ಈಗ ಸೆಂಟಿಮೀಟರ್ ಗೆರೆ ಎಳೆಯುತ್ತಿದ್ದೇನೆ. ಮುಂದಿನ ಸರದಿ ಪಥದ ಅಂಚುಗಲ್ಲುಗಳದು. ‘ಇಳಿಸಿದ್ದು’ ಎಂದು ನಕ್ಷೆಯಲ್ಲಿರುವ ಕಲ್ಲೊಂದು ಮೊನ್ನೆ ಗಾಲಿಕುರ್ಚಿಯನ್ನು ತಡೆದು ನಿಲ್ಲಿಸಿತು. ಅದರ ಎತ್ತರ ಎಷ್ಟೆಂದು ಶನಿವಾರ ನೋಡಿಯೇ ಬಿಡುತ್ತೇನೆ.