ಯಾವ ವಾರ?

ಮೊನ್ನೆ ಅಪ್ಪನ ಕೆರೆಯ ದಂಡೆಯಲ್ಲಿ ಮಿರ್ಚಿ ಭಜಿ ತಿನ್ನುತ್ತ ನಾವು ಮೂವರು ಗೆಳತಿಯರು ಖಿನ್ನತೆ ಅಳೆಯುವ ಒಂದು ಪ್ರಶ್ನೆಹಾಳೆಯ ಬಗ್ಗೆ ಜಗಳವಾಡಿದೆವು. ಒಂದೇ ಬೆಂಚಿನಲ್ಲಿ ಕೂತು ಮನಃಶಾಸ್ತ್ರದ ಎಂ.ಎ. ಓದಿದವರು. ಒಬ್ಬಳು ಎಂ.ಫಿಲ್. ಮುಗಿಸಿ ಕ್ಲಿನಿಕಲ್ ಕಡೆ, ಅಂದರೆ ಮನೋರೋಗಗಳ ಚಿಕಿತ್ಸೆಯ ಕಡೆ ಹೋದಳು. ಇನ್ನೊಬ್ಬಳು ಬೆಂಗಳೂರಿನಲ್ಲಿ ನೌಕರಿ ಕೇಳಿ ಬಂದವರ ಬುದ್ಧಿ ಅಳೆಯುತ್ತಾಳೆ. ನಾನು ಇಲ್ಲೇ ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಕೋಣೆಯಲ್ಲಿ ಆಪ್ತಸಮಾಲೋಚಕಿ.

ಕ್ಲಿನಿಕಲ್‌ನವಳ ನೋಂದಣಿ 1992ರ ಪುನರ್ವಸತಿ ಮಂಡಳಿ ಕಾಯ್ದೆಯಡಿ. 2021ರ ಆರೋಗ್ಯ ವೃತ್ತಿಪರರ ಕಾಯ್ದೆ ಮನಃಶಾಸ್ತ್ರಜ್ಞರನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿತು, ಆದರೆ ಆ ಮಂಡಳಿಯ ಕ್ಲಿನಿಕಲ್‌ನವರನ್ನು ಹೊರಗಿಟ್ಟು. ಒಂದೇ ಮನೆಯ ಅಕ್ಕತಂಗಿಯರಿಗೆ ಎರಡು ರೇಷನ್ ಕಾರ್ಡ್! ಈ ಬೇರೆ ಒಲೆ ಹಳೆಯದೇ ಎನ್ನಿ, ನಮ್ಮ ಶಾಸ್ತ್ರದ ಹಿರಿಯರೂ ಬೇರೆ ಬೇರೆ ಮನೆಯಲ್ಲಿ ಕಲಿತು ಬಂದವರು. 1916ರಲ್ಲಿ ಕಲ್ಕತ್ತಾದ ಮನಃಶಾಸ್ತ್ರ ವಿಭಾಗ ಕಟ್ಟಿದ ಎನ್.ಎನ್. ಸೇನ್‌ಗುಪ್ತಾ ಹಾರ್ವರ್ಡ್‌ನಲ್ಲಿ ಓದಿದವರು. 1924ರಲ್ಲಿ ಮೈಸೂರಿನ ವಿಭಾಗ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ, ಬುದ್ಧಿ ಅಳೆಯುವುದರಲ್ಲಿ ಹೆಸರಾದ ಸ್ಪಿಯರ್‌ಮನ್ನರ ಬಳಿ ಪಳಗಿದವರು.

ನನ್ನ ತಕರಾರು ಯಾರ ಬಾಗಿಲಿಗೆ ಯಾವ ಫಲಕ ಎಂಬುದರ ಬಗ್ಗೆ ಅಲ್ಲ, ಒಂಬತ್ತು ಪ್ರಶ್ನೆಗಳ ಆ ಖಿನ್ನತೆಯ ಹಾಳೆಯ ಬಗ್ಗೆ. ಚಿತ್ತಾಪುರ ಕಡೆಯ ಹೆಣ್ಣುಮಗಳೊಬ್ಬಳಿಗೆ "ಕಳೆದ ಎರಡು ವಾರಗಳಲ್ಲಿ" ಎಂದು ಓದಿದೆ. "ಯಾವ ವಾರ? ನಾನು ಸೋಮವಾರ ಒಂದೇ ಹಿಡಿಯುವುದು" ಎಂದಳು. ಉಪವಾಸದ ಲೆಕ್ಕ! ಬಹುತೇಕ ಪ್ರಶ್ನೆಗಳಿಗೆ ಇಲ್ಲವೆಂದು ತಲೆಯಾಡಿಸಿದಳು; 27ಕ್ಕೆ ಬಂದದ್ದು 4. ಹತ್ತು ಮುಟ್ಟಿದರೆ ನಾವು ಎಚ್ಚರಾಗುತ್ತೇವೆ, ಇದು ನಾಲ್ಕು. ಆದರೆ ಅವಳ ಕೈ ಸೆರಗಿನ ಅಂಚನ್ನು ಹೊಸೆಯುತ್ತಲೇ ಇತ್ತು. ಹಾಳೆ ಮಡಚಿಟ್ಟು ಕೇಳಿದೆ: "ಅಮಾವಾಸ್ಯೆಯಿಂದ ಈ ಹುಣ್ಣಿಮೆವರೆಗೆ ಜೀವ ಹಳಹಳಿಸಿತೇ?" ಸೆರಗು ನಿಂತಿತು. "ತೊಗರಿ ರಾಶಿ ಆದಾಗಿನಿಂದ ದಿನಾಲೂ." ಅದೇ ಒಂಬತ್ತನ್ನು ಹಾಗೆ ಕೇಳುತ್ತ ಹೋದಾಗ ಬಂದದ್ದು 13.

ಕ್ಲಿನಿಕಲ್‌ನವಳು ಕೆರಳಿದಳು. ಮಾತು ಬದಲಿಸಿದರೆ ಅಳತೆಗೋಲೇ ಬದಲಾದಂತೆ, ನಿನ್ನ ಹದಿಮೂರನ್ನು ಮೈಸೂರಿನ ಹದಿಮೂರಿನ ಪಕ್ಕ ಇಡಲು ಬರುವುದಿಲ್ಲ ಎಂದಳು. ಅವಳ ಮಾತು ನಿಜ. ಅದಕ್ಕೇ ನಾನು ಎರಡೂ ಅಂಕಗಳನ್ನು ಬರೆದಿಡುತ್ತೇನೆ, ಅಚ್ಚಿನದ್ದು ಮೊದಲು.

ಬೆಂಗಳೂರಿನವಳು ಎರಡನೆಯ ಪ್ಲೇಟ್ ತರಿಸಿ ಸುಮ್ಮನಿದ್ದಳು. ಕ್ಲಿನಿಕಲ್‌ನವಳು ಎಣ್ಣೆಗೈ ಒರೆಸಿಕೊಂಡು, ನಾನು ಕೈಯಲ್ಲಿ ತಿದ್ದಿದ ಖಾಲಿ ಹಾಳೆಯನ್ನು ನೋಡಿದಳು. 'ಹಳಹಳಿ'ಯ ಮೇಲೆ ಬೆರಳಿಟ್ಟಳು. ಅವಳ ತವರು ಬೀದರಿನ ಔರಾದ್.

"ನಮ್ಮವ್ವ ಮರಾಠಿಯವಳು. ಅವಳಿಗೆ ಇದನ್ನು ಏನೆಂದು ಕೇಳುತ್ತೀ?"

ನನ್ನ ಬಳಿ ಮಾತಿರಲಿಲ್ಲ. ಪೆನ್ನು ಅವಳಿಗೇ ಕೊಟ್ಟೆ.