ಸಾವಿ ತೆನಿಯ ಹಾಲು

ಹೋದ ವರ್ಷ ಗಣೇಶನ ಹಬ್ಬದ ಮರುವಾರ ನಮ್ಮ ಪಂಜರದ ಜೀಬ್ರಾ ಫಿಂಚ್ ಹಕ್ಕಿ ಜೋಡಿಯ ಗೂಡಿನಲ್ಲಿ ಮೂರು ಮರಿ ಒಡೆದವು. ಬಾಗಲಕೋಟೆಯ ನವನಗರದ ಅಂಗಡಿಯಿಂದ ತಂದ ಒಣ ನವಣೆ ಇತ್ತು, ಆದರೆ ನನಗೆ ಸಮಾಧಾನ ಇರಲಿಲ್ಲ. ಇವುಗಳ ಮೂಲ ಆಸ್ಟ್ರೇಲಿಯಾದ ಬಯಲು. ಅಲ್ಲಿ ಮಳೆ ಬಿದ್ದು ಹುಲ್ಲು ತೆನೆ ಕಟ್ಟುವಾಗಲೇ ಮರಿ ಮಾಡುತ್ತವೆ, ಮರಿಗಳಿಗೆ ಅರೆಬಲಿತ ಹಸಿಕಾಳನ್ನೇ ಉಣಿಸುತ್ತವೆ. ನಮ್ಮಲ್ಲೂ ಮಳೆ ಚಲೋ ಆಗಿತ್ತು. ಚೀಲ ಹಿಡಿದು ದೊಡ್ಡವ್ವನ ಹೊಲಕ್ಕೆ ಹೋದೆ.

ಕಬ್ಬಿನ ಬದುವಿನ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಕೈ ಹಾಕುವಷ್ಟರಲ್ಲಿ ದೊಡ್ಡವ್ವ ಕೂಗಿದಳು: "ಅಲ್ಲಿ ಬ್ಯಾಡ ತಂಗಿ, ಮೊನ್ನಿ ಕಸದ ಎಣ್ಣಿ ಹೊಡದಾರ." ಕಸದ ಎಣ್ಣಿ ಅಂದರೆ ಕಳೆ ಸಾಯಿಸುವ ಔಷಧಿ. ಬಗ್ಗಿ ನೋಡಿದರೆ ಎಲೆಯ ತುದಿಗಳು ಆಗಲೇ ಹಳದಿಯಾಗುತ್ತಿದ್ದವು. ಇನ್ನೆರಡು ನಿಮಿಷ ತಡವಾಗಿದ್ದರೆ ಅದನ್ನೇ ಚೀಲ ತುಂಬಿಕೊಂಡು ಬರುತ್ತಿದ್ದೆ. ಇವತ್ತಿಗೂ ನೆನೆದರೆ ಎದೆ ಝಲ್ ಎನ್ನುತ್ತದೆ. ಹುಲ್ಲಿನ ಹೆಸರಿಗಿಂತ ಮೊದಲು ಅದು ನಿಂತ ಜಾಗ ಕೇಳಬೇಕೆಂದು ಅವತ್ತು ಕಲಿತೆ.

ಎಣ್ಣಿ ಮುಟ್ಟದ ಮೇಲಿನ ಹೊಲಕ್ಕೆ ಕರೆದುಕೊಂಡು ಹೋದಳು. ನಾನು ಕಿತ್ತ ಮೊದಲನೆಯದನ್ನೇ ಕೈಯಿಂದ ಇಸಿದುಕೊಂಡು, "ಇದು ಹುಲ್ಲಲ್ಲವ್ವಾ, ಜೇಕು. ದಂಟು ಹೊಳ್ಳಿಸಿ ನೋಡು" ಅಂದಳು. ಬೆರಳ ನಡುವೆ ಉರುಳಿಸಿದೆ, ಮೂರು ಮೂಲೆ ತಾಕಿದವು. ಹುಲ್ಲಿನ ದಂಟಾದರೆ ದುಂಡಗಿದ್ದು ಗಿಣ್ಣು ಇರುತ್ತದೆ. ಜೋಳದಂತೆಯೇ ಕಾಣುವ ಕಾಡುಜೋಳವನ್ನು ಮುಟ್ಟಲೂ ಬಿಡಲಿಲ್ಲ. ಎಳೆ ಜೋಳದ ಸುಳಿ ಮೇಯ್ದ ಎತ್ತು ಒದ್ದಾಡಿ ಸತ್ತದ್ದನ್ನು ಕಣ್ಣಾರೆ ಕಂಡವಳು ಆಕೆ. ಆ ಸುಳಿಯಲ್ಲಿ ಹುಟ್ಟುವುದು ಸೈನೈಡ್ ವಿಷ. ಪಕ್ಕದ ಸಜ್ಜೆಯಲ್ಲಿ ಒಂದು ತೆನೆ ಜೋನಿಬೆಲ್ಲ ಸವರಿದಂತೆ ಜಿಗಿಜಿಗಿ ಆಗಿತ್ತು, ಕೆಲವು ಕಾಳಿನ ಜಾಗದಲ್ಲಿ ಕಪ್ಪು ಗಂಟು. ಅದು ವಿಷದ ಬೂಷ್ಟು. ಅಂಥ ಬೂಷ್ಟು ಕಾಡುಹುಲ್ಲಿಗೂ ಬರುತ್ತದೆ, ಹಾಗಾಗಿ ಒಂದೊಂದು ತೆನೆಯನ್ನೂ ಬಿಸಿಲಿಗೆ ಹಿಡಿದು ನೋಡಿದೆವು.

ಕೊನೆಗೆ ಚೀಲ ಸೇರಿದ್ದು ಕಾಡುಸಾವಿ, ಕರಿಕಿ, ಬೆರಳು ಬಿಡಿಸಿದಂಥ ತೆನೆಯ ಕಾಡುರಾಗಿ. ಬಟ್ಟೆಗೆ ಅಂಟುವ ಮುಳ್ಳುಗೂದಲಿನ ತೆನೆ ಬಿಟ್ಟೆವು, ಹಕ್ಕಿಯ ಪುಕ್ಕಕ್ಕೂ ಅದು ಸಿಕ್ಕಿಕೊಳ್ಳುತ್ತದೆ. ಸಾವಿಯ ಕಾಳು ಉಗುರಿನಿಂದ ಒತ್ತಿದರೆ ಬಿಳಿ ಹಾಲು ಚಿಮ್ಮಿತು. "ನಾವು ಸೀತನಿ ತಿಂದಂಗ ಅವಕ್ಕ ಇದು" ಅಂದಳು ದೊಡ್ಡವ್ವ. ಸೀತನಿ ಅಂದರೆ ನಾವು ಸುಟ್ಟು ತಿನ್ನುವ ಎಳೆ ಜೋಳದ ಕಾಳು.

ಮನೆಗೆ ಬಂದು ಎರಡು ಸಲ ತೊಳೆದು, ನೀರು ಝಾಡಿಸಿ, ಬಟ್ಟೆ ಕ್ಲಿಪ್ಪಿನಿಂದ ಪಂಜರದ ಸರಳಿಗೆ ಸಿಕ್ಕಿಸಿದೆ. ಗಂಡುಹಕ್ಕಿ ತೆನೆಗೇ ಜೋತುಬಿದ್ದು ಸಿಪ್ಪೆ ಉದುರಿಸತೊಡಗಿತು. ಉಳಿದ ಹಸಿ ತೆನೆ ಬೂಷ್ಟು ಹಿಡಿಯಬಾರದೆಂದು ಸಂಜೆ ತೆಗೆಯಲು ಹೋದಾಗ ಗೂಡಿನಲ್ಲಿ ಇಣುಕಿದೆ. ಮರಿಗಳ ಕುತ್ತಿಗೆಯ ಚರ್ಮ ಈರುಳ್ಳಿ ಪೊರೆಯಷ್ಟು ತೆಳು. ಮೂರರ ಕುತ್ತಿಗೆಯಲ್ಲೂ ಹಸಿರು ಕಾಳು ಎಣಿಸುವಂತೆ ಕಾಣುತ್ತಿದ್ದವು.