ಕೆತ್ತಿದ ನೆಕ್‌ಗೆ ಒಂದು ರಾತ್ರಿ ಬಿಡುವು ಕೊಡಿ

ದಾವಣಗೆರೆಯ ಗಿಟಾರ್ ಕಾರ್ಯಾಗಾರವೊಂದರಲ್ಲಿ ನೆಕ್, ಅಂದರೆ ತಂತಿಗಳು ಹಾದುಹೋಗುವ ಉದ್ದನೆಯ ಕುತ್ತಿಗೆ ಭಾಗವನ್ನು ಕೆತ್ತುವುದು ನನ್ನ ಕೆಲಸ. ಕಳೆದ ಏಪ್ರಿಲ್‌ನಲ್ಲಿ ಹರಿಹರದ ಗ್ರಾಹಕರೊಬ್ಬರಿಗೆ ಯಜಮಾನರು ನನ್ನನ್ನು ಕೇಳದೆಯೇ ದಿನಾಂಕ ಕೊಟ್ಟುಬಿಟ್ಟಿದ್ದರು. ಒರಟು ಕೆತ್ತನೆ ಮುಗಿದ ಸಂಜೆಯೇ ಅದರ ಮೇಲೆ ಫ್ರೆಟ್‌ಬೋರ್ಡ್ (ಬೆರಳೊತ್ತಿ ನುಡಿಸುವ ಹಲಗೆ) ಅಂಟಿಸಬೇಕೆಂದು ಅವರು ಒತ್ತಾಯಿಸಿದರು, ನಾನು ಒಪ್ಪಲಿಲ್ಲ.

ಆ ಮಹಾಗನಿ ಬಂದದ್ದು ಸಾಗರದ ಕಡೆಯ ತೋಟದಿಂದ. ಮಲೆನಾಡಿನ ತೇವದಲ್ಲಿದ್ದ ಮರ ನಮ್ಮೂರಿನ ಒಣ ಬಿಸಿಲಿಗೆ ಬಂದ ಮೇಲೆ ನೀರು ಬಿಡುತ್ತಲೇ ಇರುತ್ತದೆ. ಸ್ಪೋಕ್‌ಶೇವ್ ಎಂಬ ಎರಡು ಹಿಡಿಗಳ ಪುಟ್ಟ ತೋಪಡದಿಂದ ಮೂಲೆಗಳನ್ನು ತೆಗೆದು, ಉಳಿದ ಏಣುಗಳನ್ನು ಅರದಿಂದ ದುಂಡಗೆ ಮಾಡುವಾಗ ಒಳಗಿನ ಹಸಿ ಪದರ ಗಾಳಿಗೆ ತೆರೆದುಕೊಳ್ಳುತ್ತದೆ, ಮರದೊಳಗಿನ ಬಿಗಿತವೂ ಸಡಿಲಗೊಳ್ಳುತ್ತದೆ.

ಮರುದಿನ ಬೆಳಿಗ್ಗೆ ನೆಕ್‌ನ ಎರಡು ತುದಿಗಳಲ್ಲಿ ಒಂದೊಂದು ನೇರ ಪಟ್ಟಿಯನ್ನಿಟ್ಟು, ಕಣ್ಣನ್ನು ಅವುಗಳ ಮಟ್ಟಕ್ಕೆ ತಂದು ನೋಡಿದಾಗ, ಹಿಂದಿನ ಪಟ್ಟಿಯ ಎಡತುದಿ ಎದ್ದು ನಿಂತಿತ್ತು. ಮರ ತಿರುಚಿಕೊಂಡಿತ್ತು. ಉದ್ದಕ್ಕೆ ಬಾಗಿದ್ದರೆ ಟ್ರಸ್ ರಾಡ್ (ನೆಕ್‌ನೊಳಗೆ ಕೂರಿಸುವ ಲೋಹದ ಸರಳು) ಬಿಗಿದು ಸರಿಪಡಿಸಬಹುದು. ತಿರುಚನ್ನು ಅದು ಸರಿಪಡಿಸಲಾರದು. ಸುಮಾರು 70 ಕಿಲೋ ಎಳೆತದ ಉಕ್ಕಿನ ತಂತಿ ಕಟ್ಟಿದ ಮೇಲೆ ಗೊತ್ತಾಗಿದ್ದರೆ ಇಡೀ ನೆಕ್ ಬಿಚ್ಚಬೇಕಾಗುತ್ತಿತ್ತು.

ಮೊದಲ ಫ್ರೆಟ್‌ನ (ಫ್ರೆಟ್‌ಬೋರ್ಡಿನ ಅಡ್ಡ ಲೋಹದ ಪಟ್ಟಿಯ) ಬಳಿ ಒಟ್ಟು ದಪ್ಪ 21 ಮಿ.ಮೀ. ಇರಬೇಕಿತ್ತು. ಅದರಲ್ಲಿ ಫ್ರೆಟ್‌ಬೋರ್ಡಿಗೆ 6, ರಾಡ್ ಕೂರುವ ಕಾಲುವೆಗೆ 10 ಹೋದರೆ ಅಡಿಯಲ್ಲಿ ಉಳಿಯುವ ಮರ 5 ಮಿ.ಮೀ. ಮಾತ್ರ. ತಿರುಚು ಹೋಗಲೆಂದು ಫ್ರೆಟ್‌ಬೋರ್ಡ್ ಕೂರುವ ಮುಖವನ್ನು ತೋಪಡದಿಂದ ಸಮ ಮಾಡಿದಾಗ ಒಂದು ಮಿ.ಮೀ. ಹೋಯಿತು, ರಾಡ್ ಮೇಲೆ ಏಳದಂತೆ ಕಾಲುವೆಯನ್ನು ಅಷ್ಟೇ ಆಳಗೊಳಿಸಬೇಕಾಯಿತು. ಬೆನ್ನು ಆಗಲೇ ದುಂಡಾಗಿದ್ದುದರಿಂದ ನೆಕ್ ಮೇಜಿನ ಮೇಲೆ ನಿಲ್ಲುತ್ತಿರಲಿಲ್ಲ, ಕಾಲುವೆ ಕೊರೆಯುವ ರೂಟರ್ ಯಂತ್ರ ಹಾಕುವಂತಿರಲಿಲ್ಲ. ಮರಳು ತುಂಬಿದ ಚೀಲದ ಮೇಲೆ ಅದನ್ನು ಹುದುಗಿಸಿ, ಕಿರಿದಾದ ಉಳಿಯನ್ನು ಸುತ್ತಿಗೆಯಿಲ್ಲದೆ ಅಂಗೈಯಿಂದಲೇ ಒತ್ತುತ್ತ, ಕಾಗದದಷ್ಟು ತೆಳುವಾದ ಸಿಪ್ಪೆಗಳನ್ನು ಒಂದೊಂದಾಗಿ ಎಬ್ಬಿಸಿದೆ. ಪ್ರತಿ ಸಾಲಿನ ನಂತರ ಕ್ಯಾಲಿಪರ್ ಹಿಡಿದು ನೋಡುತ್ತಿದ್ದೆ. ಉಳಿ ಎಳೆಗೆ ಸಿಕ್ಕಿ ಒಮ್ಮೆ ಜಾರಿದ್ದರೂ ಬೆನ್ನು ತೂತಾಗುತ್ತಿತ್ತು. ಯಜಮಾನರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ಯಾರೂ ಹಾಗೆ ನಿಲ್ಲಬಾರದು.

ಬೆನ್ನನ್ನು ಮತ್ತೆ ಮುಟ್ಟದೆ, 7 ಮಿ.ಮೀ. ದಪ್ಪದ ಬೀಟೆಯ ಫ್ರೆಟ್‌ಬೋರ್ಡ್ ಅಂಟಿಸಿ ಅಳತೆಯನ್ನು ಸರಿದೂಗಿಸಿದೆ. ಗಿಟಾರ್ ತಡವಾಗಿ ಹೋಯಿತು, ನೆಕ್ ನೇರವಾಗಿ ಹೋಯಿತು. ಒರಟು ಕೆತ್ತನೆಯ ನಂತರ ಕನಿಷ್ಠ ಒಂದು ರಾತ್ರಿ, ಬೇಸಿಗೆಯಲ್ಲಿ ಇನ್ನೂ ಹೆಚ್ಚು, ಮರವನ್ನು ಬಿಡದೆ ನಾನು ಈಗ ಅಂಟು ಕಲಸುವುದಿಲ್ಲ. ಆರ್ಡರ್ ಪುಸ್ತಕದಲ್ಲಿ ದಿನಾಂಕ ಬರೆಯುವ ಮೊದಲು ಮರದ ತೇವಾಂಶ ನೋಡೋಣ, ಅದಕ್ಕೊಂದು ಮೀಟರ್ ತರಿಸಿ ಎಂದು ಯಜಮಾನರನ್ನು ಕೇಳುತ್ತಲೇ ಇದ್ದೇನೆ. ಅದು ಇನ್ನೂ ಬಂದಿಲ್ಲ.